ಸಿಂಗಾಪುರದಿಂದ ಟೋಕಿಯೋಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವುದು ಹೀಗೆ

ಸಿಂಗಾಪುರದಿಂದ ಟೋಕಿಯೋಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಬೇಕು ಅಂತ ಹುಡುಕಿದರೆ ಉತ್ತರ ತಕ್ಷಣ ಸಿಗುತ್ತದೆ. ತೊಂದರೆ ಏನೆಂದರೆ, ಒಂದೇ ಉತ್ತರ ಸಿಗುವುದಿಲ್ಲ. ಒಂದು ಕಡೆ 5,300 ಕಿಲೋಮೀಟರ್ ಅಂತಿರುತ್ತದೆ, ಇನ್ನೊಂದು ಕಡೆ 5,350. ಸಮಯ ಒಂದು ಕಡೆ ಆರು ಗಂಟೆ, ಇನ್ನೊಂದು ಕಡೆ ಏಳೂಕಾಲು. ಟಿಕೆಟ್ ತೆರೆದರೆ ಹೊರಡುವ ಮತ್ತು ಇಳಿಯುವ ಹೊತ್ತಿನ ನಡುವೆ ಎಂಟು ಗಂಟೆ ಕಾಣುತ್ತದೆ. ವಾಪಸ್ ಟಿಕೆಟ್‌ನಲ್ಲಿ ಅದೇ ಆರೂಕಾಲು ಆಗಿರುತ್ತದೆ.

ಇದರಲ್ಲಿ ಯಾವುದೂ ತಪ್ಪಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಾದರೆ, ಉಳಿದ ಲೆಕ್ಕಕ್ಕೆ ಹತ್ತು ನಿಮಿಷ ಸಾಕು. ಒಂದು ಪೇಪರ್, ಸೈನ್–ಕೊಸೈನ್ ಇರುವ ಒಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಫೋನಿನಲ್ಲಿರುವುದೇ ಆಗುತ್ತದೆ, ಅಡ್ಡ ಹಿಡಿದರೆ ಆ ಬಟನ್‌ಗಳು ಸಾಮಾನ್ಯವಾಗಿ ಕಾಣಿಸುತ್ತವೆ. ಇಲ್ಲಿ ಸಿಂಗಾಪುರ–ಟೋಕಿಯೋ ಜೋಡಿಯನ್ನೇ ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಬೇರೆ ಜೋಡಿಗೂ ಇದೇ ದಾರಿ.

ಹೆಜ್ಜೆ 1: ಊರಲ್ಲ, ವಿಮಾನ ನಿಲ್ದಾಣ ಹಿಡಿಯಿರಿ

ವಿಮಾನ ಊರಿನಿಂದ ಊರಿಗೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಸಿಂಗಾಪುರದ ಮಟ್ಟಿಗೆ ಇದು ಸುಲಭ. ದ್ವೀಪದ ಪೂರ್ವ ತುದಿಯಲ್ಲಿರುವ ಚಾಂಗಿ ನಿಲ್ದಾಣ, ಅಷ್ಟೇ. ಕೋಡ್ ಎಸ್‌ಐಎನ್. ಟೋಕಿಯೋದಲ್ಲಿ ಎರಡಿವೆ. ಹನೇಡಾ ಊರಿಗೆ ಅಂಟಿಕೊಂಡಂತೆ ಕೊಲ್ಲಿಯ ದಡದಲ್ಲಿದೆ, ಕೋಡ್ ಎಚ್‌ಎನ್‌ಡಿ. ನರಿತಾ 1978ರಲ್ಲಿ ಶುರುವಾದದ್ದು, ಊರಿನಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ಆಚೆ, ಪಕ್ಕದ ಚಿಬಾ ಪ್ರಾಂತದಲ್ಲಿದೆ. ಅದರ ಕೋಡ್ ಎನ್‌ಆರ್‌ಟಿ.

ಟಿಕೆಟ್ ಹುಡುಕುವಾಗ 'ಟಿವೈಒ' ಅಂತ ಕಂಡರೆ ಅದು ನಿಲ್ದಾಣದ ಹೆಸರಲ್ಲ, ಎರಡಕ್ಕೂ ಸೇರಿಸಿ ಇಟ್ಟಿರುವ ಊರಿನ ಕೋಡ್. ಅದನ್ನು ಕೊಟ್ಟು ಹುಡುಕಿದರೆ ಎರಡೂ ನಿಲ್ದಾಣದ ವಿಮಾನಗಳು ಕಲಸಿಕೊಂಡು ಬರುತ್ತವೆ. ಬೆಲೆ ಮಾತ್ರ ನೋಡಿ ಒತ್ತಿಬಿಟ್ಟರೆ, ಹನೇಡಾ ಪಕ್ಕ ಹೋಟೆಲ್ ತೆಗೆದುಕೊಂಡು ನರಿತಾದಲ್ಲಿ ಇಳಿಯುವ ಪರಿಸ್ಥಿತಿ ಬರುತ್ತದೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ನಿಲ್ದಾಣ ಬರುವುದೂ ಉಂಟು.

5,300 ಮತ್ತು 5,350ರ ಗುಟ್ಟು ಇಲ್ಲೇ ಇದೆ. ಚಾಂಗಿಯಿಂದ ಹನೇಡಾಗೆ ಸುಮಾರು 5,300 ಕಿಲೋಮೀಟರ್, ನರಿತಾಗೆ ಅದಕ್ಕಿಂತ ಸುಮಾರು 55–60 ಕಿಲೋಮೀಟರ್ ಜಾಸ್ತಿ. ಆಕಾಶದಲ್ಲಿ ಇದು ನಾಲ್ಕು ನಿಮಿಷದ ಮಾತು. ನೆಲದ ಮೇಲೆ ಅದೇ 60 ಕಿಲೋಮೀಟರ್ ಒಂದು ಗಂಟೆ ತಿನ್ನುತ್ತದೆ. ಆ ಕಥೆ ಮುಂದೆ ಬರುತ್ತದೆ.

ಹೆಜ್ಜೆ 2: ನಕ್ಷೆಯ ಮೇಲೆ ಸ್ಕೇಲ್ ಇಡಬೇಡಿ

ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆ. ಚಪ್ಪಟೆ ನಕ್ಷೆಯಲ್ಲಿ ಎಳೆದ ನೇರ ಗೆರೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಆಗಿರಬೇಕಿಲ್ಲ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಟೋಕಿಯೋ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿಯಿರಿ, ಇನ್ನೊಂದನ್ನು ಇಸ್ತಾಂಬುಲ್ ಕಡೆಗೆ ಬಿಗಿಯಾಗಿ ಎಳೆಯಿರಿ. ಎರಡು ಊರುಗಳೂ ಸಮಭಾಜಕದಿಂದ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿವೆ, ಹಾಗಾಗಿ ದಾರ ಅಡ್ಡಕ್ಕೆ ನೇರವಾಗಿ ಹೋಗಬಹುದು ಅಂತ ಅನಿಸುತ್ತದೆ ಅಲ್ವಾ? ಬಿಗಿ ಮಾಡುತ್ತಿದ್ದಂತೆ ಅದು ತಾನಾಗಿ ಉತ್ತರಕ್ಕೆ ಜಾರಿ ಸೈಬೀರಿಯಾ ಕಡೆ ಬಾಗುತ್ತದೆ. ಆ ಬಾಗಿದ ದಾರಿಯೇ ಹತ್ತಿರದ ದಾರಿ. ಉದ್ದ ಸುಮಾರು 8,960 ಕಿಲೋಮೀಟರ್. ಚಪ್ಪಟೆ ನಕ್ಷೆಯ ನೇರ ಗೆರೆ ಹಿಡಿದು ಹೋದರೆ 700 ಕಿಲೋಮೀಟರಿಗೂ ಹೆಚ್ಚು ಸುತ್ತು ಬೀಳುತ್ತದೆ.

ಸಿಂಗಾಪುರ–ಟೋಕಿಯೋ ಜೋಡಿಗೆ ಈ ತಾಪತ್ರಯ ಕಡಿಮೆ. ಸಿಂಗಾಪುರ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ, ದಾರಿ ಅಲ್ಲಿಂದ ಈಶಾನ್ಯಕ್ಕೆ ಓರೆಯಾಗಿ ಏರುತ್ತದೆ. ನಕ್ಷೆಯ ಗೆರೆಗೂ ನಿಜವಾದ ಹತ್ತಿರದ ದಾರಿಗೂ ಬರೀ ಹತ್ತು ಕಿಲೋಮೀಟರ್ ಆಸುಪಾಸು ವ್ಯತ್ಯಾಸ. ಆದರೆ ಇದು ಈ ಜೋಡಿಯ ಅದೃಷ್ಟ. ಪೂರ್ವ–ಪಶ್ಚಿಮವಾಗಿ ದೂರ ಇರುವ, ಉತ್ತರದಲ್ಲಿರುವ ಊರುಗಳಿಗೆ ಹೀಗೆ ಅಂದುಕೊಂಡರೆ ಲೆಕ್ಕ ಕೆಡುತ್ತದೆ.

ಲೆಕ್ಕವೇ ಬೇಡ, ಸುಮ್ನೆ ದೂರ ಬೇಕು ಅನ್ನುವವರಿಗೆ ಕಂಪ್ಯೂಟರಿನ ಗೂಗಲ್ ಮ್ಯಾಪ್ಸ್ ಸಾಕು. ಚಾಂಗಿ ಮೇಲೆ ರೈಟ್ ಕ್ಲಿಕ್ ಮಾಡಿ 'ಮೆಷರ್ ಡಿಸ್ಟೆನ್ಸ್' ಒತ್ತಿ, ಆಮೇಲೆ ಹನೇಡಾ ಮೇಲೆ ಕ್ಲಿಕ್ ಮಾಡಿ. ಅದು ಗೋಳದ ಮೇಲಿನ ದೂರವನ್ನೇ ಕೊಡುತ್ತದೆ. 'ಡೈರೆಕ್ಷನ್ಸ್' ಒತ್ತಬೇಡಿ, ಅದು ರಸ್ತೆ ಹುಡುಕಲು ಹೋಗುತ್ತದೆ, ಜಪಾನಿಗೆ ರಸ್ತೆ ಇಲ್ಲ.

ಹೆಜ್ಜೆ 3: ದೂರವನ್ನು ಕೈಯಾರೆ ಲೆಕ್ಕ ಹಾಕಿ

ಒಮ್ಮೆಯಾದರೂ ಇದನ್ನು ನೀವೇ ಮಾಡಿ ನೋಡಿ ಅಂತ ನಾನು ಒತ್ತಾಯ ಮಾಡುತ್ತೇನೆ. ಎರಡು ಜಾಗಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು, ಭೂಮಿಯ ಮೇಲಿನ ಯಾವ ಎರಡು ಜಾಗದ ದೂರವನ್ನಾದರೂ ಮೇಜಿನ ಮುಂದೆ ಕೂತು ಹೇಳಬಹುದು. ಅದೊಂದು ದೊಡ್ಡ ಖುಷಿ.

ಚಾಂಗಿ: ಅಕ್ಷಾಂಶ 1.36 ಉತ್ತರ, ರೇಖಾಂಶ 103.99 ಪೂರ್ವ.
ಹನೇಡಾ: ಅಕ್ಷಾಂಶ 35.55 ಉತ್ತರ, ರೇಖಾಂಶ 139.78 ಪೂರ್ವ.

ಮೊದಲು ರೇಖಾಂಶಗಳನ್ನು ಕಳೆಯಿರಿ: 139.78 – 103.99 = 35.79.

ಎರಡನೆಯದಾಗಿ, ಎರಡೂ ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.0237 × 0.5814 = 0.0138.

ಮೂರನೆಯದಾಗಿ, ಎರಡೂ ಅಕ್ಷಾಂಶಗಳ ಕೊಸೈನ್, ಜೊತೆಗೆ ಆ 35.79ರ ಕೊಸೈನ್, ಮೂರನ್ನೂ ಗುಣಿಸಿ: 0.9997 × 0.8136 × 0.8112 = 0.6598.

ಎರಡನ್ನೂ ಕೂಡಿದರೆ 0.6736. ಈಗ ಕ್ಯಾಲ್ಕುಲೇಟರಿನಲ್ಲಿ ಉಲ್ಟಾ ಕೊಸೈನ್ (cos⁻¹ ಅಂತ ಬರೆದಿರುವ ಬಟನ್) ಒತ್ತಿ. 47.65 ಡಿಗ್ರಿ ಬರುತ್ತದೆ. ಭೂಮಿಯ ನಡುಮಧ್ಯದಲ್ಲಿ ನಿಂತು ನೋಡಿದರೆ ಸಿಂಗಾಪುರಕ್ಕೂ ಟೋಕಿಯೋಗೂ ಇರುವ ಕೋನ ಅದು.

ಇನ್ನು ಕೋನವನ್ನು ಕಿಲೋಮೀಟರ್ ಮಾಡಬೇಕು. ನಾಟಿಕಲ್ ಮೈಲಿ ಅನ್ನುವ ಅಳತೆ ಹುಟ್ಟಿದ್ದೇ ಈ ಕೆಲಸಕ್ಕೆ. ಒಂದು ಡಿಗ್ರಿ ಅಂದರೆ 60 ನಾಟಿಕಲ್ ಮೈಲಿ. 47.65 × 60 = 2,859. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿದರೆ 5,295. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳ ಹತ್ತಿರ ಸ್ವಲ್ಪ ಅದುಮಿದಂತಿದೆ, ಹಾಗಾಗಿ ಕೆಲವು ಕಿಲೋಮೀಟರ್ ಆಚೀಚೆ ಆಗುತ್ತದೆ. 5,300 ಅಂತ ಇಟ್ಟುಕೊಳ್ಳಿ.

ಎರಡು ಕಡೆ ಎಚ್ಚರ ಬೇಕು. ಕ್ಯಾಲ್ಕುಲೇಟರ್ 'ರೇಡಿಯನ್'ನಲ್ಲಿದ್ದರೆ ಬರುವ ಸಂಖ್ಯೆಗೆ ತಲೆಬುಡ ಇರುವುದಿಲ್ಲ, 'ಡಿಗ್ರಿ'ಗೆ ಬದಲಾಯಿಸಿ. ಇನ್ನೊಂದು, ನಕ್ಷೆಗಳಲ್ಲಿ ಕೆಲವೊಮ್ಮೆ 35 ಡಿಗ್ರಿ 33 ನಿಮಿಷ ಅಂತ ಕೊಟ್ಟಿರುತ್ತಾರೆ. ಅದನ್ನು 35.33 ಅಂತ ಬರೆದುಕೊಳ್ಳಬೇಡಿ. 33ನ್ನು 60ರಿಂದ ಭಾಗಿಸಬೇಕು, ಆಗ 35.55 ಬರುತ್ತದೆ. ಈ ತಪ್ಪು ಎಷ್ಟು ಸಾಮಾನ್ಯ ಅಂದರೆ, ಯಾರಾದರೂ ಲೆಕ್ಕ ಸರಿಬರುತ್ತಿಲ್ಲ ಅಂದಾಗ ನಾನು ಮೊದಲು ಕೇಳುವುದೇ ಇದನ್ನು.

ಈ 5,300 ಕಿಲೋಮೀಟರಿನ ಸರಿ ಅರ್ಧಕ್ಕೆ ವಿಮಾನ ಎಲ್ಲಿರುತ್ತದೆ ಗೊತ್ತಾ? ಹತ್ತಿರದ ದಾರಿ ಹಿಡಿದರೆ ಸುಮಾರು 19 ಡಿಗ್ರಿ ಉತ್ತರ, 120 ಡಿಗ್ರಿ ಪೂರ್ವ. ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ ವಾಯವ್ಯ ಮೂಲೆಯ ಆಚೆ, ಸಮುದ್ರದ ಮೇಲೆ. ಅಲ್ಲಿಯವರೆಗೆ ದಕ್ಷಿಣ ಚೀನಾ ಸಮುದ್ರ, ಅಲ್ಲಿಂದ ಮುಂದೆ ತೈವಾನ್ ಎಡಕ್ಕೆ, ಆಮೇಲೆ ಒಕಿನಾವಾ ಕಡೆಯ ದ್ವೀಪಗಳ ಸಾಲು. ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂತರೆ ಇದು ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ. ಪೂರ್ತಿ ಹೀಗೇ ಕಾಣುವುದಿಲ್ಲ, ಯಾಕೆಂದರೆ ವಿಮಾನಗಳು ಗುರುತು ಮಾಡಿಟ್ಟ ವಾಯುಮಾರ್ಗಗಳಲ್ಲಿ ಹೋಗಬೇಕು, ಮೋಡ ಗುಡುಗು ಇದ್ದರೆ ಸುತ್ತಬೇಕು, ಇಳಿಯುವ ಮುಂಚೆ ರನ್‌ವೇ ದಿಕ್ಕಿಗೆ ತಿರುಗಿಕೊಳ್ಳಬೇಕು. ನಿಜವಾಗಿ ಹಾರಿದ ದೂರ ಯಾವಾಗಲೂ ಲೆಕ್ಕದ ದೂರಕ್ಕಿಂತ ಸ್ವಲ್ಪ ಜಾಸ್ತಿಯೇ.

ಹೆಜ್ಜೆ 4: ದೂರವನ್ನು ಸಮಯ ಮಾಡುವುದು

ವಿಮಾನದ ವೇಗವನ್ನು ಪೈಲಟ್‌ಗಳು ಶಬ್ದದ ವೇಗದ ಲೆಕ್ಕದಲ್ಲಿ ಹೇಳುತ್ತಾರೆ, ಅದೇ ಮ್ಯಾಕ್. 11 ಕಿಲೋಮೀಟರ್ ಎತ್ತರದಲ್ಲಿ ಚಳಿ ಮೈನಸ್ 56 ಡಿಗ್ರಿ ಸುಮಾರಿಗೆ ಇರುತ್ತದೆ. ಆ ಚಳಿಯಲ್ಲಿ ಶಬ್ದ ಗಂಟೆಗೆ ಸುಮಾರು 1,060 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಬೋಯಿಂಗ್ 787, ಏರ್‌ಬಸ್ ಎ350 ಥರದ ದೊಡ್ಡ ವಿಮಾನಗಳು ಮ್ಯಾಕ್ 0.85 ಆಸುಪಾಸಿನಲ್ಲಿ ಹಾರುತ್ತವೆ, ಅಂದರೆ ಗಂಟೆಗೆ 900 ಕಿಲೋಮೀಟರ್. ಮಧ್ಯದಲ್ಲಿ ಒಂದೇ ಓಣಿ ಇರುವ ಎ320, 737 ಥರದವು ಮ್ಯಾಕ್ 0.78, ಅಂದರೆ 830ರ ಹತ್ತಿರ.

5,300ನ್ನು 900ರಿಂದ ಭಾಗಿಸಿದರೆ 5 ಗಂಟೆ 53 ನಿಮಿಷ. 830ರಿಂದ ಭಾಗಿಸಿದರೆ 6 ಗಂಟೆ 23 ನಿಮಿಷ. ವಿಮಾನದ ಮಾದರಿ ಒಂದರಿಂದಲೇ ಅರ್ಧ ಗಂಟೆ ವ್ಯತ್ಯಾಸ! ಬುಕ್ ಮಾಡುವಾಗ ವಿಮಾನದ ಮಾದರಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಆದರೆ ವಿಮಾನ ಗೇಟಿನಿಂದಲೇ 900ರಲ್ಲಿ ಹೊರಡುವುದಿಲ್ಲ. ಹಿಂದಕ್ಕೆ ತಳ್ಳಿಸಿಕೊಂಡು, ರನ್‌ವೇ ತನಕ ಉರುಳಿ, ಸರದಿಗೆ ಕಾದು, ಏರಿ, ಕೊನೆಯಲ್ಲಿ ನಿಧಾನಕ್ಕೆ ಇಳಿದು ಮತ್ತೆ ಉರುಳಬೇಕು. ಇದಕ್ಕೆಲ್ಲ 40 ನಿಮಿಷ ಸೇರಿಸಿ. ಚಾಂಗಿ, ಹನೇಡಾ ಎರಡೂ ಸದಾ ಗಿಜಿಗುಡುವ ನಿಲ್ದಾಣಗಳು, ಅರ್ಧ ಗಂಟೆ ಅಂತ ಹಾಕಿದರೆ ಕಡಿಮೆ ಬೀಳುತ್ತದೆ. ಈಗ ದೊಡ್ಡ ವಿಮಾನಕ್ಕೆ ಸುಮಾರು ಆರೂವರೆ ಗಂಟೆ ಆಯಿತು.

ಟಿಕೆಟ್‌ನಲ್ಲಿರುವುದು ಈ ಗೇಟಿನಿಂದ ಗೇಟಿಗೆ ಲೆಕ್ಕ, ಬ್ಲಾಕ್ ಟೈಮ್ ಅನ್ನುತ್ತಾರೆ. ಗಗನದಲ್ಲಿರುವ ಹೊತ್ತು ಬೇರೆ. ಕ್ಯಾಪ್ಟನ್ ಮೈಕಿನಲ್ಲಿ 'ಹಾರಾಟದ ಸಮಯ ಆರು ಗಂಟೆ ಹತ್ತು ನಿಮಿಷ' ಅಂದಾಗ ಟಿಕೆಟ್‌ನಲ್ಲಿ ಏಳು ಗಂಟೆ ಇತ್ತಲ್ಲ ಅಂತ ಗೊಂದಲ ಬೇಡ, ಇಬ್ಬರೂ ಸರಿ ಹೇಳುತ್ತಿದ್ದಾರೆ. ಅಲ್ಲದೆ ವಿಮಾನ ಕಂಪನಿಗಳು ತಡವಾಗದಿರಲಿ ಅಂತ ವೇಳಾಪಟ್ಟಿಯಲ್ಲಿ ಸ್ವಲ್ಪ ಹೆಚ್ಚುವರಿ ನಿಮಿಷ ಇಟ್ಟಿರುತ್ತವೆ.

ಹೆಜ್ಜೆ 5: ಗಾಳಿ

ಹೋಗುವಾಗ ಬೇಗ, ಬರುವಾಗ ತಡ. ದೂರ ಒಂದೇ, ವಿಮಾನ ಒಂದೇ, ಆದರೂ ಹೀಗೆ. ಇದಕ್ಕೆ ಭೂಮಿ ತಿರುಗುವುದೇ ಕಾರಣ, ವಿಮಾನದ ಕೆಳಗೆ ನೆಲ ಸರಿಯುತ್ತದೆ ಅಂತ ಹೇಳುವವರಿದ್ದಾರೆ. ಹಾಗಲ್ಲ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ವಿಮಾನ ಇರುವುದು ಆ ಗಾಳಿಯೊಳಗೆ. ನಿಜವಾದ ಕಾರಣ ಜೆಟ್ ಸ್ಟ್ರೀಮ್, ಸುಮಾರು 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿ. ಜಗತ್ತಿನಲ್ಲಿ ಅದು ಅತಿ ಜೋರಾಗಿ ಬೀಸುವ ಜಾಗಗಳಲ್ಲಿ ಜಪಾನಿನ ಆಕಾಶ ಒಂದು. ಚಳಿಗಾಲದಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟುವುದು ಅಲ್ಲಿ ಅಪರೂಪವಲ್ಲ.

ಇದನ್ನು ಮೊದಲು ಅಳೆದು ಬರೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ. ಟೋಕಿಯೋದಿಂದ ಸ್ವಲ್ಪ ದೂರದ ತತೆನೊ ಎಂಬಲ್ಲಿ 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅವು ಎಷ್ಟು ಬೇಗ ಪೂರ್ವಕ್ಕೆ ತೇಲಿಹೋಗುತ್ತವೆ ಅಂತ ನೋಡಿ ಲೆಕ್ಕ ಹಾಕಿದರು. ಜಗತ್ತಿನ ಎಲ್ಲರೂ ಓದಲಿ ಅಂತ 1926ರಲ್ಲಿ ಆ ವರದಿಯನ್ನು ಎಸ್ಪರಾಂಟೊ ಎಂಬ, ಎಲ್ಲ ದೇಶದವರಿಗೂ ಅಂತ ಕಟ್ಟಿದ ಕೃತಕ ಭಾಷೆಯಲ್ಲಿ ಬರೆದರು. ಹೊರಗಿನವರು ಅದನ್ನು ಹೆಚ್ಚು ಗಮನಿಸಲಿಲ್ಲ. 1944ರ ಕೊನೆಯಲ್ಲಿ ಅಮೆರಿಕದ ಬಿ-29 ಬಾಂಬರುಗಳು ಜಪಾನಿನ ಮೇಲೆ ಎತ್ತರದಲ್ಲಿ ಹಾರಿದಾಗ ಈ ಗಾಳಿಗೇ ಸಿಕ್ಕಿ ಒದ್ದಾಡಿದವು. ಅಷ್ಟು ಒಳ್ಳೆಯ ಕೆಲಸ ಓದುಗರಿಲ್ಲದೆ ಉಳಿಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಸಿಂಗಾಪುರದ ಕಡೆ ಈ ಗಾಳಿ ಇಲ್ಲ. ತೈವಾನ್ ದಾಟಿದ ಮೇಲೆ ಸಿಗುತ್ತದೆ. ಹಾಗಾಗಿ ದಾರಿಯನ್ನು ಎರಡು ತುಂಡು ಮಾಡಿ: ಗಾಳಿ ಇಲ್ಲದ 3,300 ಕಿಲೋಮೀಟರ್, ಗಾಳಿಯಲ್ಲಿ ಸಾಗುವ 2,000 ಕಿಲೋಮೀಟರ್. ವಿಮಾನ ಈಶಾನ್ಯಕ್ಕೆ ಹೋಗುತ್ತಿದೆ, ಗಾಳಿ ಪೂರ್ವಕ್ಕೆ. ಅಂದರೆ ಗಾಳಿಯ ಪೂರ್ತಿ ಬಲ ಸಿಗುವುದಿಲ್ಲ, ಒಂದು ಪಾಲು ಮಾತ್ರ ಬೆನ್ನಿಗೆ ಒತ್ತುತ್ತದೆ. ಜನವರಿಯ ಒಂದು ದಿನ ಆ ಪಾಲು ಗಂಟೆಗೆ 150 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ.

ಮೊದಲ ತುಂಡು: 3,300 ÷ 900, ಅಂದರೆ 3 ಗಂಟೆ 40 ನಿಮಿಷ. ಹೋಗುವಾಗ ಬರುವಾಗ ಎರಡಕ್ಕೂ ಇದೇ.
ಹೋಗುವಾಗ ಎರಡನೇ ತುಂಡು: 2,000 ÷ 1,050, ಅಂದರೆ 1 ಗಂಟೆ 54 ನಿಮಿಷ.
ಬರುವಾಗ ಅದೇ ತುಂಡು: 2,000 ÷ 750, ಅಂದರೆ 2 ಗಂಟೆ 40 ನಿಮಿಷ.

ಆ 40 ನಿಮಿಷ ಸೇರಿಸಿದರೆ ಹೋಗುವಾಗ 6 ಗಂಟೆ 14 ನಿಮಿಷ, ಬರುವಾಗ 7 ಗಂಟೆ. ಮುಕ್ಕಾಲು ಗಂಟೆ ಫರಕು. ಎದುರುಗಾಳಿ ಇನ್ನೂ ಜೋರಿದ್ದರೆ ವಾಪಸ್ ಪ್ರಯಾಣ ಏಳೂವರೆ ಮುಟ್ಟುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಹೋಗುವಾಗ ಸಿಕ್ಕಿದ್ದು ಬರುವಾಗ ಹೋಯಿತು, ಲೆಕ್ಕ ಸಮ ಆಯಿತು ಅಂತ ಅನಿಸುತ್ತದೆ. ಸಮ ಆಗುವುದಿಲ್ಲ. ಗಾಳಿ ಇಲ್ಲದಿದ್ದರೆ ಆ 2,000 ಕಿಲೋಮೀಟರಿಗೆ ಎರಡೂ ಕಡೆ ಸೇರಿ 4 ಗಂಟೆ 27 ನಿಮಿಷ. ಗಾಳಿ ಇದ್ದಾಗ 4 ಗಂಟೆ 34 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಕಳೆಯುತ್ತದೆ, ಆದ್ದರಿಂದ ಕಳೆದುಕೊಳ್ಳುವುದು ಯಾವಾಗಲೂ ಗಳಿಸಿದ್ದಕ್ಕಿಂತ ಜಾಸ್ತಿ.

ಬೇಸಿಗೆಯಲ್ಲಿ, ಅಂದರೆ ಜುಲೈ–ಆಗಸ್ಟ್‌ನಲ್ಲಿ, ಜೆಟ್ ಸ್ಟ್ರೀಮ್ ಬಲ ಕಳೆದುಕೊಂಡು ಉತ್ತರಕ್ಕೆ ಸರಿಯುತ್ತದೆ. ಆಗ ಎರಡೂ ಕಡೆಯ ಸಮಯ ಹತ್ತಿರ ಹತ್ತಿರ ಬರುತ್ತದೆ. ಆದರೆ ಅದು ಟೈಫೂನ್ ಕಾಲ. ಫಿಲಿಪ್ಪೀನ್ಸ್, ತೈವಾನ್, ಒಕಿನಾವಾ ಸಾಲೇ ಅವುಗಳ ಓಡಾಟದ ಜಾಗ, ಈ ದಾರಿಯೂ ಅದೇ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗುವವರು ಟೋಕಿಯೋ ತಲುಪಿದ ದಿನವೇ ತಪ್ಪಿಸಲಾಗದ ಕೆಲಸ ಇಟ್ಟುಕೊಳ್ಳಬೇಡಿ.

ಹೆಜ್ಜೆ 6: ಗಡಿಯಾರ

ಜಗತ್ತಿನ ಗಡಿಯಾರಗಳನ್ನೆಲ್ಲ ಯುಟಿಸಿ ಎಂಬ ಒಂದು ಮೂಲ ಸಮಯದಿಂದ ಲೆಕ್ಕ ಹಾಕುತ್ತಾರೆ. ಸಿಂಗಾಪುರದ ಸಮಯ ಯುಟಿಸಿ ಕೂಡಿಸು 8, ಟೋಕಿಯೋದ್ದು ಕೂಡಿಸು 9. ಟೋಕಿಯೋ ಒಂದು ಗಂಟೆ ಮುಂದೆ. ಎರಡೂ ಕಡೆ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ವರ್ಷಪೂರ್ತಿ ಇಷ್ಟೇ.

ರೇಖಾಂಶದ ಪ್ರಕಾರ ನೋಡಿದರೆ ಇದು ವಿಚಿತ್ರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಎರಡು ಊರಿನ ನಡುವೆ ಸುಮಾರು 36 ಡಿಗ್ರಿ ಇದೆ, ಸೂರ್ಯನ ಲೆಕ್ಕದಲ್ಲಿ ಎರಡು ಗಂಟೆ 23 ನಿಮಿಷ ವ್ಯತ್ಯಾಸ ಇರಬೇಕಿತ್ತು. ಸಿಂಗಾಪುರ 1982ರ ಹೊಸ ವರ್ಷದಿಂದ, ಮಲೇಷ್ಯಾದ ಜೊತೆಗೆ, ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟುಕೊಂಡಿತು. ಹಾಗಾಗಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳರ ಸುಮಾರಿಗೆ. ಜೂನ್‌ನಲ್ಲಿ ಟೋಕಿಯೋದಲ್ಲಿ ನಾಲ್ಕೂವರೆಗೇ ಬೆಳಕು. ರಾತ್ರಿ ವಿಮಾನದಲ್ಲಿ ಕಿಟಕಿ ಪಕ್ಕ ಕೂತರೆ ಬೇಗ ಬೆಳಗಾಗುವುದು ಕಣ್ಣಿಗೇ ಕಾಣುತ್ತದೆ.

ನಿಯಮ ಒಂದೇ: ಎರಡೂ ಸಮಯವನ್ನು ಒಂದೇ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ. ಸಿಂಗಾಪುರದಿಂದ ರಾತ್ರಿ 11.55ಕ್ಕೆ ಹೊರಟು ಮರುದಿನ ಬೆಳಿಗ್ಗೆ 8ಕ್ಕೆ ಟೋಕಿಯೋ. ಆ 8 ಅಂದರೆ ಸಿಂಗಾಪುರದಲ್ಲಿ 7. ಪ್ರಯಾಣ 7 ಗಂಟೆ 5 ನಿಮಿಷ. ವಾಪಸ್ ಬರುವಾಗ ಟೋಕಿಯೋದಿಂದ ಬೆಳಿಗ್ಗೆ 11ಕ್ಕೆ ಹೊರಟು ಸಂಜೆ 5.15ಕ್ಕೆ ಚಾಂಗಿ. ಆ 5.15 ಅಂದರೆ ಟೋಕಿಯೋದಲ್ಲಿ 6.15. ಪ್ರಯಾಣ 7 ಗಂಟೆ 15 ನಿಮಿಷ. ಆರಂಭದಲ್ಲಿ ಹೇಳಿದ ಎಂಟು ಗಂಟೆ, ಆರೂಕಾಲು ಗಂಟೆಯ ಒಗಟು ಇಷ್ಟೇ.

ಇಳಿಯುವ ಸಮಯದ ಪಕ್ಕ ಸಣ್ಣದಾಗಿ '+1' ಇದ್ದರೆ ಮರುದಿನ ಅಂತ ಅರ್ಥ. ಹೋಟೆಲ್ ಬುಕ್ ಮಾಡುವಾಗ ಆ ತಾರೀಖು ಹಾಕಿ. ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಟಿಕೆಟ್‌ನಲ್ಲಿ '12ನೇ ತಾರೀಖು 00.30' ಅಂತಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದ್ದು 11ನೇ ತಾರೀಖು ರಾತ್ರಿ. 12ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಇಡೀ ದಿನ ಆಗಿರುತ್ತದೆ. ನನ್ನ ಹತ್ತಿರದ ಸಂಬಂಧಿಕರೊಬ್ಬರು ಹೀಗೇ ಚೆಕ್-ಇನ್ ಕೌಂಟರ್ ಮುಂದೆ ನಿಂತು, ಪಾಸ್‌ಪೋರ್ಟ್ ಕೊಟ್ಟು, ಆ ಹುಡುಗಿ ಪರದೆಯನ್ನು ಎರಡು ಸಲ ನೋಡಿ ಮೆಲ್ಲಗೆ 'ನಿಮ್ಮ ವಿಮಾನ ನಿನ್ನೆ ಹೋಯಿತು' ಅಂದಾಗ ಮಾತೇ ಹೊರಡದೆ ನಿಂತಿದ್ದರು. ಹೊಸ ಟಿಕೆಟ್‌ಗೆ ಹೋಗಿಬರುವಷ್ಟು ದುಡ್ಡು ಒಂದೇ ಕಡೆಗೆ ಹೋಯಿತು. ಮಧ್ಯರಾತ್ರಿ 12ರಿಂದ 3ರ ನಡುವೆ ಹೊರಡುವ ವಿಮಾನ ಇದ್ದರೆ, ಹಿಂದಿನ ದಿನದ ತಾರೀಖಿಗೇ ಫೋನಿನಲ್ಲಿ ಅಲಾರಂ ಇಟ್ಟುಬಿಡಿ.

ಹೆಜ್ಜೆ 7: ನಿಜಕ್ಕೆ ಹೋಲಿಸಿ

ಲೆಕ್ಕ ಆದಮೇಲೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ತೆರೆದು ನಿಮ್ಮ ವಿಮಾನದ ಸಂಖ್ಯೆ ಹಾಕಿ. ಕಳೆದ ಕೆಲವು ದಿನಗಳಲ್ಲಿ ಅದು ನಿಜವಾಗಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು ಅಂತ ಸಿಗುತ್ತದೆ. ಒಂದೇ ದಿನದ್ದು ನೋಡಿ ನಿರ್ಧಾರ ಮಾಡಬೇಡಿ. ಒಂದು ವಾರದ್ದು ಬರೆದುಕೊಂಡು, ತೀರಾ ಬೇಗ ಮತ್ತು ತೀರಾ ತಡ ಆದ ಎರಡನ್ನು ಬಿಟ್ಟು ಉಳಿದದ್ದು ನೋಡಿ. ಪ್ರಯಾಣ ಫೆಬ್ರವರಿಯಲ್ಲಿದ್ದರೆ ಜುಲೈನ ಅಂಕಿ ನೋಡಿ ಪ್ರಯೋಜನವಿಲ್ಲ, ಯಾಕೆ ಅಂತ ಈಗ ನಿಮಗೇ ಗೊತ್ತು.

ಹೆಜ್ಜೆ 8: ನಡುವೆ ಇಳಿದು ಹೋಗುವುದಾದರೆ

ಬೆಲೆ ಕಡಿಮೆ ಅಂತ ಬೇರೆ ಊರಿನಲ್ಲಿ ವಿಮಾನ ಬದಲಾಯಿಸುವ ಟಿಕೆಟ್ ಕಂಡರೆ ಮೊದಲು ದೂರ ಕೂಡಿ ನೋಡಿ. ಹಾಂಗ್‌ಕಾಂಗ್ ಮೂಲಕ ಹೋದರೆ 2,565 ಮತ್ತು 2,900, ಒಟ್ಟು 5,465 ಕಿಲೋಮೀಟರ್. ನೇರ ದಾರಿಗಿಂತ 165 ಮಾತ್ರ ಜಾಸ್ತಿ, ಅದು ಹೆಚ್ಚುಕಮ್ಮಿ ದಾರಿಯಲ್ಲೇ ಇದೆ. ಬ್ಯಾಂಕಾಕ್ ಮೂಲಕ ಹೋದರೆ 1,415 ಮತ್ತು 4,590, ಒಟ್ಟು 6,005. ಅಂದರೆ 700 ಕಿಲೋಮೀಟರ್ ಸುತ್ತು.

ಆದರೆ ಇಲ್ಲಿ ಸಮಯ ತಿನ್ನುವುದು ಕಿಲೋಮೀಟರ್ ಅಲ್ಲ. ಉರುಳುವ, ಏರುವ, ಇಳಿಯುವ ಆ 40 ನಿಮಿಷ ಎರಡು ಸಲ ಆಗುತ್ತದೆ, ನಡುವೆ ಕನಿಷ್ಠ ಒಂದೂವರೆ ಎರಡು ಗಂಟೆ ಕಾಯಬೇಕು. ಹಾಂಗ್‌ಕಾಂಗ್ ದಾರಿಯೂ ಒಟ್ಟು ಹತ್ತು ಗಂಟೆಗೆ ಬರುತ್ತದೆ. ಇನ್ನೊಂದು ಮಾತು: 'ಡೈರೆಕ್ಟ್' ಅಂದರೆ 'ನಾನ್‌ಸ್ಟಾಪ್' ಅಂತಲ್ಲ. ಒಂದೇ ವಿಮಾನ ಸಂಖ್ಯೆ ಇಟ್ಟುಕೊಂಡು ನಡುವೆ ಒಂದು ಊರಲ್ಲಿ ಇಳಿದು ಹೋಗುವುದನ್ನೂ ಡೈರೆಕ್ಟ್ ಅನ್ನುತ್ತಾರೆ. 'ಸ್ಟಾಪ್ಸ್' ಅನ್ನುವ ಜಾಗದಲ್ಲಿ ಸೊನ್ನೆ ಇದೆಯಾ ನೋಡಿ.

ಹೆಜ್ಜೆ 9: ಬಾಗಿಲಿನಿಂದ ಬಾಗಿಲಿಗೆ

ನಿಮಗೆ ಕೊನೆಗೆ ಬೇಕಾಗುವುದು ಈ ಲೆಕ್ಕ. ಸಿಂಗಾಪುರದ ಪೇಟೆಯಿಂದ ಚಾಂಗಿಗೆ ಎಂಆರ್‌ಟಿ ರೈಲಿನಲ್ಲಿ ಮುಕ್ಕಾಲು ಗಂಟೆ. ನಿಲ್ದಾಣದಲ್ಲಿ ಎರಡೂವರೆ ಗಂಟೆ ಮುಂಚೆ ಇರಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಪ್ರಯಾಣ ಏಳು ಗಂಟೆ. ಟೋಕಿಯೋದಲ್ಲಿ ಇಮಿಗ್ರೇಶನ್, ಲಗೇಜು, ಕಸ್ಟಮ್ಸ್ ಸೇರಿ ಒಂದು ಗಂಟೆ. ಇಲ್ಲಿಗೆ ಹನ್ನೊಂದೂಕಾಲು ಗಂಟೆ. ಹನೇಡಾದಿಂದ ಊರೊಳಗೆ ಮೋನೊರೈಲ್ ಅಥವಾ ಕೇಕ್ಯೂ ರೈಲು ಹಿಡಿದು 40 ನಿಮಿಷ ಅಂತ ಇಟ್ಟುಕೊಳ್ಳಿ, ಒಟ್ಟು ಹನ್ನೆರಡು ಗಂಟೆಯಾಯಿತು. ನರಿತಾದಿಂದ ನರಿತಾ ಎಕ್ಸ್‌ಪ್ರೆಸ್ ಟೋಕಿಯೋ ಸ್ಟೇಶನ್ ಮುಟ್ಟಲು ಒಂದು ಗಂಟೆ ಆಸುಪಾಸು, ರೈಲಿಗೆ ಕಾಯುವುದೂ ಸೇರಿದರೆ ಹನ್ನೆರಡೂವರೆ ದಾಟುತ್ತದೆ. ಉಯೆನೊ ಕಡೆ ಇಳಿದುಕೊಳ್ಳುವವರಿಗೆ ನರಿತಾದಿಂದ ಕೇಸೈ ಸ್ಕೈಲೈನರ್ ರೈಲೇ ಒಳ್ಳೆಯದು, ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ.

ಜಪಾನಿಗೆ ಹೊರಡುವ ಮುಂಚೆ 'ವಿಸಿಟ್ ಜಪಾನ್ ವೆಬ್'ನಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಂಡರೆ ಸಾಲಿನಲ್ಲಿ ಫಾರಂ ತುಂಬುವ ಕೆಲಸ ತಪ್ಪುತ್ತದೆ. ಪರದೇಶದವರು ಸಿಂಗಾಪುರಕ್ಕೆ ಬರುವಾಗ 'ಎಸ್‌ಜಿ ಅರೈವಲ್ ಕಾರ್ಡ್' ತುಂಬಬೇಕು, ತಲುಪುವ ದಿನವೂ ಸೇರಿ ಮೂರು ದಿನದೊಳಗೆ. ಎರಡಕ್ಕೂ ಶುಲ್ಕ ಇಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿದು ಹೊರಗೆ ಬನ್ನಿ.

ಬೇರೆ ಜೋಡಿಗಳಿಗೆ

ಹೆಜ್ಜೆಗಳು ಅವೇ, ನಿಲ್ದಾಣ ಮತ್ತು ಗಡಿಯಾರ ಎರಡನ್ನು ಮಾತ್ರ ಎಚ್ಚರದಿಂದ ನೋಡಿ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್, ಸೋಲ್‌ನಲ್ಲಿ ಇಂಚಿಯಾನ್ ಮತ್ತು ಗಿಂಪೊ, ಶಾಂಘೈನಲ್ಲಿ ಪುಡಾಂಗ್ ಮತ್ತು ಹಾಂಗ್‌ಚಿಯಾವ್. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವ ಟಿಕೆಟ್ ಇದ್ದರೆ ನಡುವೆ ನಾಲ್ಕೈದು ಗಂಟೆಯಾದರೂ ಇರಲಿ. ಗಡಿಯಾರದಲ್ಲಿ ಪೂರ್ತಿ ಗಂಟೆ ಅಲ್ಲದ ದೇಶಗಳಿವೆ: ಭಾರತ, ಶ್ರೀಲಂಕಾ ಐದೂವರೆ, ನೇಪಾಳ ಐದೂಮುಕ್ಕಾಲು, ಮ್ಯಾನ್ಮಾರ್ ಆರೂವರೆ, ಅಫ್ಘಾನಿಸ್ತಾನ ನಾಲ್ಕೂವರೆ, ಇರಾನ್ ಮೂರೂವರೆ. ಚೀನಾ ಅಷ್ಟು ಅಗಲ ಇದ್ದರೂ ದೇಶಕ್ಕೆಲ್ಲ ಒಂದೇ ಸಮಯ, ಕೂಡಿಸು 8.

ಟೋಕಿಯೋಗೇ ಹೋಗುವವರು ಬುಕ್ ಮಾಡುವ ಮುಂಚೆ ಕೊನೆಯದಾಗಿ ಒಂದು ನೋಡಿ. ಸಿಂಗಾಪುರದಿಂದ ಮಧ್ಯಾಹ್ನ ಎರಡೂವರೆಗೆ ಹೊರಡುವ ವಿಮಾನ, ಏಳು ಗಂಟೆ ಪ್ರಯಾಣ, ಒಂದು ಗಂಟೆ ಗಡಿಯಾರ ಸೇರಿ ರಾತ್ರಿ ಹತ್ತೂವರೆಗೆ ಹನೇಡಾ ಗೇಟ್ ಮುಟ್ಟುತ್ತದೆ. ಇಮಿಗ್ರೇಶನ್ ಮುಗಿಸಿ ಹೊರಗೆ ಬರುವಾಗ ಹನ್ನೊಂದೂವರೆ. ಟೋಕಿಯೋದ ರೈಲುಗಳು ಮಧ್ಯರಾತ್ರಿ ಸುಮಾರಿಗೆ ನಿಂತು ಬೆಳಿಗ್ಗೆ ಐದರ ಹೊತ್ತಿಗೆ ಮತ್ತೆ ಶುರುವಾಗುತ್ತವೆ. ವಿಮಾನ ಅರ್ಧ ಗಂಟೆ ತಡವಾದರೂ ಕೊನೆಯ ರೈಲು ಕೈತಪ್ಪಿ ಟ್ಯಾಕ್ಸಿಯೇ ಗತಿ. ಬೆಳಗಿನ ವಿಮಾನ ಅಥವಾ ರಾತ್ರಿ ವಿಮಾನ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ನಿಲ್ದಾಣದ ಪಕ್ಕದಲ್ಲೇ ಒಂದು ರಾತ್ರಿಗೆ ರೂಮ್ ಮಾಡಿ, ಬೆಳಿಗ್ಗೆ ಎದ್ದು ಮೊದಲ ರೈಲಿಗೆ ಊರೊಳಗೆ ಹೋಗಿ.